ಶುಕ್ರವಾರದ ಸಾಲು

ಗುಂಡ್ಲುಪೇಟೆ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಮೋಟಾರಿಗೆ ತಂತಿ ಸುತ್ತುವ ಖಲೀಲ್ ಎಂದರೆ ಒಂದು ಕಾಲಕ್ಕೆ ಸುತ್ತಲಿನ ಹತ್ತು ಹಳ್ಳಿಗೆ ಗೊತ್ತಿದ್ದ ಹೆಸರು. ಸುಟ್ಟ ಪಂಪ್‌ಸೆಟ್ಟನ್ನು ಗಾಡಿಯಿಂದ ಇಳಿಸಿದರೆ ಅವನು ಮೊದಲು ಅದನ್ನು ಮೂಸಿ ನೋಡುತ್ತಿದ್ದ. ಮೂಸಿಯೇ ಯಾವ ಸುರುಳಿ ಹೋಗಿದೆ ಎಂದು ಹೇಳಿಬಿಡುತ್ತಿದ್ದ. ಹತ್ತರಲ್ಲಿ ಆರು ಸಲ ಸರಿಯಾಗಿರುತ್ತಿತ್ತು. ಉಳಿದ ನಾಲ್ಕನ್ನು ಗಿರಾಕಿ ಟೀ ಕುಡಿಯಲು ಹೋದಾಗ ಬಿಚ್ಚಿ ನೋಡಿ ತಿದ್ದಿಕೊಳ್ಳುತ್ತಿದ್ದ. ಈ ವಿದ್ಯೆ ಅವನಪ್ಪ ಜಿಯಾವುಲ್ಲಾ ಸಾಹೇಬರಿಂದ ಬಂದದ್ದು, ಮೂಸುವುದೂ ಸೈ, ತಿದ್ದಿಕೊಳ್ಳುವುದೂ ಸೈ. ಅಪ್ಪ ತೀರಿಕೊಂಡ ಮೇಲೆ ಅಂಗಡಿಯೂ ತಾಯಿ ರಹಮತ್ ಬಿಯೂ ಅವನ ಪಾಲಿಗೆ ಉಳಿದರು. ಮದುವೆ ಅಂತ ಒಂದು ಆಗಿತ್ತು, ಉಳಿಯಲಿಲ್ಲ. ಆ ಕಥೆ ಇಲ್ಲಿ ಬೇಡ.

ಇಂಥವನು ನಲವತ್ತೊಂದನೆಯ ವಯಸ್ಸಿನಲ್ಲಿ ಕಂಪ್ಯೂಟರಿನ ಮುಂದೆ ಹೋಗಿ ಕೂತದ್ದು ಹೇಗೆ ಎಂಬುದನ್ನು ಹೇಳಿಬಿಡಬೇಕು. ಹರವೆ ಊರಿನ ಹೊರಗೆ, ಹಿಪ್ಪುನೇರಳೆ ತೋಟದ ನಡುವೆ, ಬೆಳೆಗಾರರ ಸಂಘವೊಂದರ ಚಾಕಿ ಕೇಂದ್ರವಿತ್ತು. ಮೊಟ್ಟೆಯೊಡೆದು ಬಂದ ರೇಷ್ಮೆಯ ಮರಿಹುಳುಗಳನ್ನು ಎರಡು ಜ್ವರ ದಾಟುವವರೆಗೆ ಸಾಕಿ, ಆಮೇಲೆ ಬೆಳೆಗಾರರಿಗೆ ಹಂಚುವ ಜಾಗ ಅದು. ಜ್ವರ ಎಂದರೆ ಕಾಯಿಲೆಯಲ್ಲ. ಹುಳು ತಿನ್ನುವುದನ್ನು ಬಿಟ್ಟು, ತಲೆ ಎತ್ತಿ, ಒಂದು ಹಗಲು ಒಂದು ಇರುಳು ಅಲ್ಲಾಡದೆ ಕೂತು ಹಳೆಯ ಚರ್ಮ ಕಳಚುತ್ತದಲ್ಲ, ಅದಕ್ಕೆ ಆ ಕಡೆಯವರು ಜ್ವರ ಎನ್ನುತ್ತಾರೆ. ತಿನ್ನುವ ಮರಿಗೆ ಗಾಳಿಯಲ್ಲಿ ತೇವ ಬೇಕು, ಜ್ವರಕ್ಕೆ ಕೂತ ಹುಳುವಿಗೆ ತೇವ ತಾಗಕೂಡದು. ಅದಕ್ಕೇ ಕೋಣೆಯಲ್ಲಿ ಒಂದು ಆವಿ ಯಂತ್ರ ಇಟ್ಟಿದ್ದರು. ಹೊತ್ತಿಗೆ ಸರಿಯಾಗಿ ಹಚ್ಚಬೇಕು, ಹೊತ್ತಿಗೆ ಸರಿಯಾಗಿ ಆರಿಸಬೇಕು.

ಹರವೆಯವರೇ ಆದ ಮಲ್ಲಿಕಾರ್ಜುನಸ್ವಾಮಿ ಮೈಸೂರಿನ ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ಮೇಷ್ಟ್ರು. ಹಚ್ಚುವ ಆರಿಸುವ ಕೆಲಸಕ್ಕೆ ಅವರು ತಮ್ಮ ಹುಡುಗರನ್ನು ಕಟ್ಟಿಕೊಂಡು ಹಳೆಯ ಕಂಪ್ಯೂಟರೊಂದಕ್ಕೆ ಲಿನಕ್ಸ್ ಹಾಕಿ ತಂದರು. ವೈರಿಂಗಿಗೆಂದು ಕರೆಸಿದ ಖಲೀಲ್, ಹುಡುಗರು ತಿರುಗಾಮುರುಗಾ ಜೋಡಿಸಿದ್ದ ರಿಲೇಯನ್ನು, ಅಂದರೆ ಕಂಪ್ಯೂಟರು ಹೇಳಿದಂತೆ ಕರೆಂಟು ಕೂಡಿಸುವ ಬಿಡಿಸುವ ಸ್ವಿಚ್ಚನ್ನು, ಬಿಚ್ಚಿ ಸರಿ ಮಾಡಿಕೊಟ್ಟ. ಮೇಷ್ಟ್ರಿಗೆ ಅವನು ಹಿಡಿಸಿದ. ನೀವೇ ಇದನ್ನು ನೋಡಿಕೊಳ್ಳಿ ಎಂದು ಅವನಿಗೆ ಹೇಳಿ, ಸಂಘದಲ್ಲಿ ಕೆಲಸ ಕೊಡಿಸಿದರು. ಎಂಟನೆಯ ಕ್ಲಾಸಿಗೆ ಇಂಗ್ಲಿಷ್ ಬಿಟ್ಟವನು ಮತ್ತೆ ಅಕ್ಷರ ಕೂಡಿಸತೊಡಗಿದ. ಒಂದು ನೋಟ್ ಬುಕ್ಕಿನಲ್ಲಿ ಕಂಪ್ಯೂಟರಿನ ಆಜ್ಞೆಗಳನ್ನೆಲ್ಲ ಕನ್ನಡದಲ್ಲಿ ಬರೆದುಕೊಂಡ: 'ಪಿ ಎಸ್, ಯಾರ್ಯಾರು ಓಡುತ್ತಿದ್ದಾರೆ ನೋಡಲು. ಕಿಲ್, ನಿಲ್ಲಿಸಲು. ಕ್ರಾನ್, ಹೇಳಿದ ಗಳಿಗೆಗೆ ತಾನೇ ಮಾಡಲು.' ಪಂಪ್‌ಸೆಟ್ಟು ಸುಟ್ಟರೆ ಹೊಸದೇ ತರುವ ಕಾಲ ಬಂದಿತ್ತು, ಅಂಗಡಿಗೆ ಬೀಗ ಬಿದ್ದಿತ್ತು. ಈ ಕೆಲಸ ಬಿಟ್ಟರೆ ಅವನಿಗೆ ಬೇರೆ ದಾರಿ ಇರಲಿಲ್ಲ ಎಂಬುದನ್ನು ನೆನಪಿಟ್ಟುಕೊಳ್ಳಬೇಕು.

ಯಂತ್ರದ ಕೆಲಸ ಸರಳವೇ. 'ತೇವ' ಎಂಬ ಹೆಸರಿನ ಪ್ರೋಗ್ರಾಮನ್ನು ಓಡಿಸಿದರೆ ರಿಲೇ ಟಕ್ಕೆಂದು ಕೂಡಿಕೊಂಡು ಆವಿ ಯಂತ್ರಕ್ಕೆ ಕರೆಂಟು ಹೋಗುತ್ತದೆ. ನಿಲ್ಲು ಎಂಬ ಸಂಕೇತ ಕಳಿಸಿದರೆ ತೇವ ಒಳ್ಳೆಯ ಆಳಿನ ಹಾಗೆ ಮೊದಲು ರಿಲೇ ಬಿಡಿಸಿ, ತನ್ನ ದಾಖಲೆಯಲ್ಲಿ 'ಆವಿ ಬಂದ್' ಎಂದು ಒಂದು ಸಾಲು ಬರೆದು, ಆಮೇಲೆ ತಾನು ಹೊರಡುತ್ತದೆ. ಇದನ್ನು ಖಲೀಲ್ ದಿನಕ್ಕೆ ನಾಲ್ಕು ಸಲ ತನ್ನ ಕೈಯಾರೆ ಮಾಡುತ್ತಿದ್ದ, ರಿಜಿಸ್ಟರಿಗೆ ಸಹಿ ಹಾಕುತ್ತಿದ್ದ. ತೊಂದರೆಯಿದ್ದದ್ದು ಶುಕ್ರವಾರ ಮಧ್ಯಾಹ್ನ ಒಂದೇ. ಹನ್ನೆರಡರಿಂದ ಒಂದರವರೆಗೆ ಆವಿ ಹೊತ್ತು, ಅದೇ ಹೊತ್ತಿಗೆ ಜುಮ್ಮಾ ನಮಾಜು. ಬಸ್ಸು ಹಿಡಿದು ಚಾಮರಾಜನಗರಕ್ಕೆ ಹೋಗಿ ನಮಾಜು ಮುಗಿಸಿ ಬರುವುದೆಂದರೆ ಎರಡೂವರೆ ಆಗುತ್ತಿತ್ತು.

ಈ ತೊಂದರೆಯನ್ನು ಮೊದಲ ಒಂದು ವರ್ಷ ನೀಗಿಸಿದವಳು ಚಿಕ್ಕನಿಂಗಮ್ಮ. ಕೇಂದ್ರದ ಆಳು, ಐವತ್ತು ದಾಟಿದ ಹೆಂಗಸು, ಇಪ್ಪತ್ತು ವರ್ಷದಿಂದ ಹುಳು ಸಾಕಿ ಸಾಕಿ ಸೊಪ್ಪಿನ ಹಸಿರು ಉಗುರಿನೊಳಗೆ ನಿಂತುಬಿಟ್ಟಿತ್ತು. ಆವಿ ಯಂತ್ರಕ್ಕೆ ಕಂಪ್ಯೂಟರನ್ನು ದಾಟಿ ಹೋಗುವ ಕೈ ಸ್ವಿಚ್ಚೊಂದಿತ್ತು, ಹುಳುವಿನ ಕೋಣೆಯ ಹೊರಗೋಡೆಯ ಮೇಲೆ, ಬೀಗ ಹಾಕಿದ ಡಬ್ಬಿಯಲ್ಲಿ; ಪಂಪ್‌ಸೆಟ್ಟಿನ ಸ್ಟಾರ್ಟರಿನ ಹಾಗೆ ಕರೆಂಟು ಹೋದರೆ ತಾನೇ ಆರುವಂಥದ್ದು. ಕಂಪ್ಯೂಟರು ಕೆಟ್ಟರೆ ಮಾತ್ರ ಅದನ್ನು ಮುಟ್ಟಬೇಕು ಎಂದು ಸಂಘದ ಕಾರ್ಯದರ್ಶಿ ಗುರುಪಾದಸ್ವಾಮಿಯವರ ಕಟ್ಟಪ್ಪಣೆ. ಕೀಲಿ ಚಿಕ್ಕನಿಂಗಮ್ಮನ ಸೊಂಟದಲ್ಲಿರುತ್ತಿತ್ತು. ಶುಕ್ರವಾರ ಬಂತೆಂದರೆ ಅವಳೇ ಖಲೀಲನನ್ನು ಎಬ್ಬಿಸಿ ಕಳಿಸುತ್ತಿದ್ದಳು.

"ಓಗಪ್ಪ ಓಗು, ಬಸ್ಸು ಬತ್ತದೆ. ಒಂದ್ ಸ್ವಿಚ್ಚು ತಿರುವಕೆ ನಂಗೇನು ಕೈ ಇಲ್ವಾ?"

ಹಚ್ಚುವುದೂ ಆರಿಸುವುದೂ ಅವಳು, ಬಂದು ಸಹಿ ಹಾಕುವವನು ಇವನು. ಗುರುಪಾದಸ್ವಾಮಿಗೆ ಇದು ಗೊತ್ತಿರಲಿಲ್ಲ. ಖಲೀಲನಿಗೆ ಇದು ಒಳಗೊಳಗೇ ಕೊರೆಯುತ್ತಿತ್ತು. ದೇವರಿಗೆ ಬಾಗಲು ಹೋಗುವಾಗ ಹಿಂದೆ ಒಬ್ಬ ಹೆಂಗಸನ್ನು ಸುಳ್ಳಿನ ಕಾವಲಿಗೆ ಕೂರಿಸಿ ಹೋಗುವುದು ಯಾವ ಸೀಮೆಯ ನಮಾಜು? ಹೀಗಾಗಿ ಅವನು ಕ್ರಾನ್ ಎಂಬ ಆ ಗಳಿಗೆ ಕಾಯುವ ಗುಮಾಸ್ತನ ಪಟ್ಟಿಯಲ್ಲಿ ಶುಕ್ರವಾರಕ್ಕೆಂದೇ ಒಂದು ಸಾಲು ಬರೆದ. ಹನ್ನೆರಡಕ್ಕೆ ತೇವವನ್ನು ಹಿನ್ನೆಲೆಯಲ್ಲಿ ಓಡಿಸು, ಒಂದಕ್ಕೆ ನಿಲ್ಲು ಎಂಬ ಸಂಕೇತ ಕಳಿಸು. ಬರೆದ ಮೇಲೆ ಎದೆ ಹಗುರಾಯಿತು. ಚಿಕ್ಕನಿಂಗಮ್ಮನಿಗೆ, "ಇನ್ಮೇಲೆ ನಿಂಗೆ ತೊಂದ್ರೆ ಇಲ್ಲ ಕಣಕ್ಕ, ಮಿಷನ್ನೇ ನೋಡ್ಕತದೆ" ಎಂದ. ಅವಳಿಗೆ ಯಾಕೋ ಸಪ್ಪೆಯಾಯಿತು.

ಮಿಷನ್ನು ನೋಡಿಕೊಳ್ಳಲಿಲ್ಲ. ಮೊದಲ ಶುಕ್ರವಾರ ಎರಡೂವರೆಗೆ ಬಂದು ನೋಡಿದರೆ ತೇವ ಇನ್ನೂ ಓಡುತ್ತಿತ್ತು. ನಿಲ್ಲು ಎಂಬ ಸಂಕೇತ ಹೋಗಿದೆ, ಅದು ಕೇಳಿಸಿಕೊಂಡಿಲ್ಲ. ಅವನೇ ಕೂತು ಮತ್ತೆ ಕಳಿಸಿದ, ಆಗಲೂ ಇಲ್ಲ. ಕೊನೆಗೆ ಕಂಪ್ಯೂಟರನ್ನೇ ಆರಿಸಿ ಹಚ್ಚಿದ. ಹುಳು ತಿನ್ನುವ ಹಂತದಲ್ಲಿದ್ದುದರಿಂದ ಒಂದೂವರೆ ಗಂಟೆಯ ಹೆಚ್ಚಿನ ತೇವ ಏನೂ ಮಾಡಲಿಲ್ಲ. ಮರುದಿನ ಕೈಯಾರೆ ಓಡಿಸಿ ನಿಲ್ಲಿಸಿದರೆ ತೇವ ಮರುಮಾತಿಲ್ಲದೆ ನಿಂತಿತು. ಎರಡನೆಯ ಶುಕ್ರವಾರ ಮತ್ತೆ ಅದೇ ಹಟ. ಖಲೀಲ್ ಮೈಸೂರಿಗೆ ಫೋನು ಹಚ್ಚಿದ. ಮಲ್ಲಿಕಾರ್ಜುನಸ್ವಾಮಿ ಪರೀಕ್ಷೆಯ ಗಡಿಬಿಡಿಯಲ್ಲಿದ್ದರು.

"ನಯವಾಗಿ ಹೇಳಿದ್ರೆ ಕೇಳ್ತಿಲ್ವಾ? ಕಿಲ್ ಪಕ್ಕ ಮೈನಸ್ ಒಂಬತ್ತು ಹಾಕಿ ಖಲೀಲ್. ಅದನ್ನ ಯಾವ ಪ್ರೋಗ್ರಾಮೂ ತಡ್ಕೊಳ್ಳಕ್ಕಾಗಲ್ಲ. ಅಲ್ಲೇ ಸತ್ತುಹೋಗುತ್ತೆ."

ಖಲೀಲ್ ಹಾಕಿದ. ತಾನೇ ಜಾಣನೆಂದುಕೊಂಡು, ಅದರ ಮುಂದೆ 'ನಿಲ್ಲಿಸಲಾಗಿದೆ' ಎಂದು ದಾಖಲೆಗೆ ಬರೆಯುವ ಒಂದು ಮಾತನ್ನೂ ಸೇರಿಸಿದ.

ಮೂರನೆಯ ಶುಕ್ರವಾರ, 2007ರ ಜನವರಿಯಲ್ಲಿ, ಎರಡು ಸಾವಿರ ಮೊಟ್ಟೆಯ, ಎಂದರೆ ಎರಡು ಸಾವಿರ ಚಿಟ್ಟೆ ಇಟ್ಟಷ್ಟು ಮೊಟ್ಟೆಯ, ಹುಳು ಎರಡನೆಯ ಜ್ವರಕ್ಕೆ ಕೂರುವ ದಿನ. ಚಿಕ್ಕನಿಂಗಮ್ಮ ಕೊನೆಯ ಸೊಪ್ಪು ಕೊಟ್ಟು, ಹನ್ನೆರಡಕ್ಕೆ ಬಾಗಿಲು ಹಾಕಿ, ಚಿಲಕಕ್ಕೆ ಬೇವಿನ ಕುಡಿಯೊಂದನ್ನು ಸಿಕ್ಕಿಸಿದಳು. ಆ ಸೊಪ್ಪು ಮುಗಿಯುವ ಒಂದರವರೆಗೆ ಆವಿ, ಆಮೇಲೆ ಮಾರನೆಯ ದಿನದವರೆಗೆ ಒಣಹವೆ. ಬೇವು ಸಿಕ್ಕಿಸಿದ ಮೇಲೆ ಮಾರನೆಯ ದಿನದವರೆಗೆ ಆ ಬಾಗಿಲು ತೆಗೆಯುವಂತಿಲ್ಲ. ಯಾರೇ ಬಂದರೂ, ಏನೇ ಆದರೂ ಇಣುಕುವಂತಿಲ್ಲ. ಆ ದಪ್ಪ ಬಾಗಿಲು ಹಾಕಿದರೆ ಒಳಗಿನ ಸದ್ದೂ ಹೊರಗೆ ಕೇಳುವುದಿಲ್ಲ. ಬಾಣಂತಿಯ ಕೋಣೆಗಿರುವ ಮರ್ಯಾದೆಯೇ ಅದಕ್ಕೂ. ಎರಡೂವರೆಗೆ ಖಲೀಲ್ ಬಂದು ಪರದೆ ನೋಡಿದ. ತೇವ ಓಡುತ್ತಿರಲಿಲ್ಲ. 'ನಿಲ್ಲಿಸಲಾಗಿದೆ' ಎಂಬ ಸಾಲು ಇತ್ತು. 'ಒಂದು ಗಂಟೆಗೆ ಆವಿ ನಿಲ್ಲಿಸಿದ್ದೇನೆ' ಎಂದು ರಿಜಿಸ್ಟರಿನಲ್ಲಿ ಬರೆದು ಸಹಿ ಮಾಡಿ, ಸಂಜೆ ಶಿಳ್ಳೆ ಹಾಕಿಕೊಂಡು ಗುಂಡ್ಲುಪೇಟೆಯ ಬಸ್ಸು ಹತ್ತಿದ.

ದಿನಕ್ಕೆ ನಾಲ್ಕು ಸಲ ಹೋಗುವ ಕರೆಂಟು ಅವತ್ತು ಮಾತ್ರ ಹೋಗಲಿಲ್ಲ. ಹೋಗಿದ್ದರೆ ಹತ್ತಿದ್ದೆಲ್ಲ ತಾನೇ ಆರಿಹೋಗುತ್ತಿತ್ತು. ಚಾಮರಾಜನಗರಕ್ಕೆ ಯಾರೋ ಮಂತ್ರಿಗಳು ಬಂದಿದ್ದರಂತೆ.

ಶನಿವಾರ ಮಧ್ಯಾಹ್ನ ಗುರುಪಾದಸ್ವಾಮಿಯವರ ಎದುರಿಗೇ ಬೇವು ತೆಗೆದು ಬಾಗಿಲು ತೆರೆದರು. ಒಳಗಿನಿಂದ ಬಿಸಿ ಮಂಜು ಮುಖಕ್ಕೆ ಹೊಡೆಯಿತು. ಗೋಡೆಯ ಮೇಲೆ ನೀರು ಇಳಿಯುತ್ತಿತ್ತು, ತಟ್ಟೆಗಳಲ್ಲಿ ಹುಳು ಅರ್ಧ ಚರ್ಮ ಕಳಚಿ ಅಲ್ಲೇ ಕಪ್ಪಾಗಿ ಅಂಟಿಕೊಂಡಿತ್ತು. ಆವಿ ಯಂತ್ರ ಇನ್ನೂ ಬುಸುಗುಡುತ್ತಿತ್ತು. ಗುರುಪಾದಸ್ವಾಮಿ ಓಡಿಹೋಗಿ ಇಡೀ ಕಟ್ಟಡದ ಮೇನ್ ಸ್ವಿಚ್ಚನ್ನು ಎಳೆದರು. ಕಂಪ್ಯೂಟರೂ ಆರಿತು. ಯಾವ ದಾರಿಯಿಂದ ಆವಿಗೆ ಕರೆಂಟು ಬರುತ್ತಿತ್ತು ಎಂಬ ಗುರುತೆಲ್ಲ ಆ ಒಂದು ಎಳೆತಕ್ಕೆ ಅಳಿಸಿಹೋಯಿತು.

ಚಿಕ್ಕನಿಂಗಮ್ಮ ಒಂದು ತಟ್ಟೆಯನ್ನು ಹಿಡಿದುಕೊಂಡು ಅಲ್ಲೇ ಕೂತುಬಿಟ್ಟಳು. ಮೂವತ್ತು ಮನೆಯ ಬೆಳೆ ಅದು.

ಗುರುಪಾದಸ್ವಾಮಿ ಕೆಟ್ಟವರಲ್ಲ, ಆದರೆ ಕಾಗದ ನಂಬುವ ಮನುಷ್ಯ. ಕಂಪ್ಯೂಟರನ್ನು ಹಚ್ಚಿಸಿ ದಾಖಲೆ ನೋಡಿದರು, ರಿಜಿಸ್ಟರು ನೋಡಿದರು. ಎರಡರಲ್ಲೂ ಒಂದು ಗಂಟೆಗೆ ಆವಿ ನಿಂತಿದೆ. ಹಾಗಾದರೆ ಮತ್ತೆ ಹಚ್ಚಿದವರು ಯಾರು? ಕೈ ಸ್ವಿಚ್ಚಿನ ಕೀಲಿ ಯಾರ ಸೊಂಟದಲ್ಲಿದೆ?

"ನಾ ಮುಟ್ಟಿಲ್ಲ ಸ್ವಾಮಿ" ಎಂದಳು ಚಿಕ್ಕನಿಂಗಮ್ಮ.

"ನೀನು ಮುಟ್ದೇ ಹೋದ್ರೆ ದೆವ್ವ ಮುಟ್ತಾ?" ಎಂದು ಅವರು ಕೀಲಿ ಇಸಿದುಕೊಂಡರು. ಗುರುವಾರ ಬೆಳಿಗ್ಗೆ ಬೆಳೆಗಾರರ ಸಭೆ, ಅಲ್ಲಿಯವರೆಗೆ ಇತ್ತ ಬರಬೇಡ ಎಂದರು. ಖಲೀಲನ ಕಡೆ ತಿರುಗಿ, "ನೀನು ಇಲ್ಲೇ ಇದ್ಯಲ್ಲ ಅವತ್ತು? ಮಿಷನ್ನು ಸರಿಯಾಗಿ ನಿಂತಿತ್ತು ಅಂತ ಸಭೇಲಿ ಹೇಳ್ಬೇಕಾಯ್ತದೆ" ಎಂದರು.

ಖಲೀಲ್ ತಲೆಯಾಡಿಸಿದ. ಇಲ್ಲೇ ಇರಲಿಲ್ಲ ಎನ್ನಲು ಅವನ ಬಾಯಿ ಏಳಲಿಲ್ಲ.

ಅವನಿಗೂ ಆಗ ನಿಜ ಗೊತ್ತಿರಲಿಲ್ಲ ಎಂಬುದನ್ನು ಅವನ ಪರವಾಗಿ ಹೇಳಬೇಕು. ಆದರೆ ಚಿಕ್ಕನಿಂಗಮ್ಮ ಸುಳ್ಳು ಹೇಳುವವಳಲ್ಲ ಎಂಬುದು ಗೊತ್ತಿತ್ತು. ಸೋಮವಾರ ಬೆಳಿಗ್ಗೆ ಸುಣ್ಣ ಬಳಿದು ತೊಳೆದ ಖಾಲಿ ಕೋಣೆಯ ಪಕ್ಕದಲ್ಲಿ, ಕಂಪ್ಯೂಟರಿನ ಮುಂದೆ ಕೂತ. ತೇವವನ್ನು ಕೈಯಾರೆ ಓಡಿಸಿದ, ನಿಲ್ಲು ಎಂದ, ನಿಂತಿತು. ಮತ್ತೆ ಓಡಿಸಿದ, ಮತ್ತೆ ನಿಂತಿತು. ಸಂಜೆಯವರೆಗೆ ಅರವತ್ತು ಸಲವಾದರೂ ಮಾಡಿರಬೇಕು. ಒಂದು ಸಲವೂ ತಪ್ಪಲಿಲ್ಲ. ಸಾಕ್ಷಿ ಕಟಕಟೆಯಲ್ಲಿ ನಿಂತ ಬೆರಕಿ ಮನುಷ್ಯನನ್ನು ಕೇಳಿದ ಹಾಗಾಯಿತು, ಕೇಳಿದಷ್ಟು ಸಲವೂ ಅದೇ ಮುದ್ದಾದ ಉತ್ತರ.

ಮಂಗಳವಾರ ಅವನಿಗೆ ಹೊಳೆಯಿತು. ತಾನು ಪರೀಕ್ಷೆ ಮಾಡುತ್ತಿರುವುದು ಸೋಮವಾರದ ಯಂತ್ರವನ್ನು; ಹುಳು ಸತ್ತದ್ದು ಶುಕ್ರವಾರದ ಯಂತ್ರದಿಂದ. ಪಟ್ಟಿಯ ಶುಕ್ರವಾರದ ಸಾಲನ್ನೇ ತಿದ್ದಿ, ಇನ್ನೈದು ನಿಮಿಷಕ್ಕೆ ತೇವ ತಾನಾಗಿ ಏಳುವ ಹಾಗೆ, ಹತ್ತು ನಿಮಿಷಕ್ಕೆ ಮೈನಸ್ ಒಂಬತ್ತು ಬೀಳುವ ಹಾಗೆ ಮಾಡಿ ಕೈಕಟ್ಟಿ ಕೂತ. ಹೊತ್ತಿಗೆ ಸರಿಯಾಗಿ ತೇವ ಎದ್ದಿತು. ಹೊತ್ತಿಗೆ ಸರಿಯಾಗಿ ಪರದೆಯಿಂದ ಮಾಯವಾಯಿತು. 'ನಿಲ್ಲಿಸಲಾಗಿದೆ' ಎಂಬ ಸಾಲು ಬಂತು. ಖಲೀಲನ ಎದೆಯಲ್ಲಿ ಒಂದು ನೀಚ ನೆಮ್ಮದಿ ಮೂಡಿತು: ಮಿಷನ್ನು ನಿಂತಿದೆ, ಹಾಗಾದರೆ ಅವಳೇ ಇರಬೇಕು.

ನೀರು ಕುಡಿಯಲೆಂದು ಎದ್ದು ಹೊರಬಂದ. ಹುಳುವಿನ ಕೋಣೆಯಲ್ಲಿ ಜ್ವರವಿಲ್ಲ, ಬೇವಿಲ್ಲ, ಬಾಗಿಲು ಹಾರುಹೊಡೆದಿತ್ತು. ಒಳಗೆ ಆವಿ ಯಂತ್ರ ಬುಸುಗುಡುತ್ತಿತ್ತು.

ಅವನು ಹೊಸ್ತಿಲಲ್ಲೇ ನಿಂತ. ಆಮೇಲೆ ಜೇಬಿನಿಂದ ಟೆಸ್ಟರು ತೆಗೆದು ರಿಲೇಗೆ ಹಿಡಿದ. ಟೆಸ್ಟರಿನ ಹೊಟ್ಟೆಯಲ್ಲಿ ಕೆಂಪು ಬೆಳಕು ಹತ್ತಿಕೊಂಡಿತು. ಪ್ರೋಗ್ರಾಮು ಸತ್ತಿದೆ, ರಿಲೇ ಬದುಕಿದೆ. ಮೋಟಾರು ಸುತ್ತುವವನಿಗೆ ಇದಕ್ಕಿಂತ ಹೆಚ್ಚು ವಿವರಿಸಿ ಹೇಳಬೇಕಾಗಿರಲಿಲ್ಲ. ನಿಲ್ಲು ಎಂದರೆ ತೇವ ಕೈಲಿದ್ದ ಕೆಲಸ ಮುಗಿಸಿ ಹೊರಡುತ್ತದೆ. ಮೈನಸ್ ಒಂಬತ್ತು ಎಂದರೆ ಕುತ್ತಿಗೆ ಕೊಯ್ದ ಹಾಗೆ, ಸ್ವಿಚ್ಚು ಆರಿಸಲು ಕೈ ಎತ್ತುವಷ್ಟು ಪುರುಸೊತ್ತೂ ಇಲ್ಲ. ಹಚ್ಚಿದ ಆವಿ ಹಚ್ಚಿದ ಹಾಗೇ, ಆರಿಸುವವನು ಮಾತ್ರ ಇಲ್ಲ. ಹಳೆಯ ದಾಖಲೆ ತೆಗೆದು ನೋಡಿದ. ಉಳಿದ ದಿನಗಳಲ್ಲೆಲ್ಲ ತೇವ ತಾನೇ ಬರೆದ 'ಆವಿ ಬಂದ್' ಎಂಬ ಸಾಲಿತ್ತು. ಆ ಶುಕ್ರವಾರ ಇದ್ದದ್ದು ಖಲೀಲ್ ಸೇರಿಸಿದ 'ನಿಲ್ಲಿಸಲಾಗಿದೆ' ಒಂದೇ. ಗುರುಪಾದಸ್ವಾಮಿ ನಂಬಿದ ಕಾಗದ ಅದೇ.

ಮೊದಮೊದಲು ತೇವ ಯಾಕೆ ಕಿವಿಗೊಡಲಿಲ್ಲ ಎಂಬುದಷ್ಟೇ ಉಳಿದಿತ್ತು. ಮೈಸೂರಿಗೆ ಫೋನು ಮಾಡಿದ. ಈ ಸಲ ಮಲ್ಲಿಕಾರ್ಜುನಸ್ವಾಮಿ ಸಮಾಧಾನದಿಂದ ಕೇಳಿಸಿಕೊಂಡರು.

"ಶುಕ್ರವಾರದ ಸಾಲಲ್ಲಿ ತೇವವನ್ನ ಹಿನ್ನೆಲೇಲಿ ಓಡಿಸು ಅಂತ ಬರೆದಿದ್ದೀರಲ್ಲ, ಅದೇ. ನೀವು ಎದುರಿಗೆ ಕೂತು ಓಡಿಸಿದ್ರೆ ಅದಕ್ಕೆ ಕಿವಿ ಇರುತ್ತೆ. ಕ್ರಾನ್ ಕಡೆಯಿಂದ ಹಿನ್ನೆಲೆಗೆ ಕಳಿಸಿದ್ರೆ, ಹುಟ್ಟೋವಾಗ್ಲೇ ಆ ಸಂಕೇತಕ್ಕೆ ಕಿವಿ ಮುಚ್ಚಿ ಕಳಿಸುತ್ತೆ. ಆಮೇಲೆ ಅದು ಎಷ್ಟು ಪ್ರಯತ್ನಪಟ್ರೂ ತೆರೆಯಕ್ಕಾಗಲ್ಲ. ಇನ್ನೊಂದು ಸಂಕೇತ ಇದೆ, ಹದಿನೈದನೇದು, ಹೊರಡು ಅಂತ. ಅದಕ್ಕೆ ಕಿವಿ ಮುಚ್ಚಿರಲ್ಲ. ಅದನ್ನ ಕಳಿಸಿ, ತೇವಕ್ಕೂ ಅದನ್ನ ಕೇಳಿಸ್ಕೋ ಅಂತ ಬರೀರಿ."

ಎರಡು ಕಡೆ ಎರಡು ಪದ ಬದಲಿಸಿದ. ಕ್ರಾನ್ ಎಬ್ಬಿಸಿತು, ಹೊರಡು ಎಂದಿತು, ರಿಲೇ ಟಕ್ಕೆಂದಿತು, ಆವಿ ನಿಂತಿತು, 'ಆವಿ ಬಂದ್' ಎಂಬ ಸಾಲು ಮೂಡಿತು. ಖಲೀಲ್ ಆ ಖಾಲಿ ಕೋಣೆಯಲ್ಲಿ ಒಬ್ಬನೇ ನಕ್ಕುಬಿಟ್ಟ. ಗಂಟು ಬಿಚ್ಚಿದವನಿಗೆ ಆಗುವ ಖುಷಿ ಅದು, ತಪ್ಪು ಯಾರದೆಂದು ಅದು ಕೇಳುವುದಿಲ್ಲ. ಆಮೇಲೆ ತಟ್ಟೆಗಳ ಖಾಲಿ ಸಾಲು ಕಣ್ಣಿಗೆ ಬಿದ್ದು ಬಾಯಿ ಮುಚ್ಚಿತು.

ಈಗ ಅವನಿಗೆ ಎತ್ತ ಹೊರಳಿದರೂ ಗೋಡೆ. ನಿಜ ಹೇಳಬೇಕೆಂದರೆ ಆ ಸಾಲು ಬರೆದದ್ದು ಯಾಕೆಂದು ಹೇಳಬೇಕು. ಶುಕ್ರವಾರ ತಾನು ಇಲ್ಲಿರಲಿಲ್ಲ ಎನ್ನಬೇಕು. ರಿಜಿಸ್ಟರಿನ ಸಹಿ ಸುಳ್ಳು ಎನ್ನಬೇಕು, ಹಿಂದಿನ ಒಂದು ವರ್ಷದ ಶುಕ್ರವಾರಗಳ ಸಹಿಯೂ ಸುಳ್ಳು ಎನ್ನಬೇಕು. ಕೆಲಸ ಹೋಗುವುದು ಹಾಗಿರಲಿ. ನಮಾಜಿಗೆ ಹೋಗಿ ಮೂವತ್ತು ಮನೆಯ ಹುಳು ಕೊಂದ ಎಂಬ ಮಾತು ಹರವೆಯಿಂದ ಹೊರಟರೆ ಅದು ಖಲೀಲನೊಬ್ಬನ ಹೆಗಲ ಮೇಲೆ ನಿಲ್ಲುವುದಿಲ್ಲ. ಅವನ ಓಣಿಯ ಹುಡುಗರು ನಾಳೆ ಯಾವ ಊರಿಗೆ ವೈರಿಂಗಿಗೆ ಹೋದರೂ ಅದು ಅವರಿಗಿಂತ ಮೊದಲು ಹೋಗಿ ಬಾಗಿಲಲ್ಲಿ ಕೂತಿರುತ್ತದೆ. ಸುಮ್ಮನಿದ್ದರೆ? ಸುಮ್ಮನಿದ್ದರೆ ಏನೂ ಮಾಡಬೇಕಾಗಿಲ್ಲ. ಯಂತ್ರ ಸರಿಯಾಗಿದೆ, ದಾಖಲೆ ಅವನ ಪರವಾಗಿದೆ, ಚಿಕ್ಕನಿಂಗಮ್ಮನೊಬ್ಬಳು ಹೋದರೆ ಆಯಿತು.

ಮಲ್ಲಿಕಾರ್ಜುನಸ್ವಾಮಿಯೂ ಫೋನಿಡುವಾಗ ಅದನ್ನೇ ಅಂದಿದ್ದರು: "ಸರಿ ಮಾಡ್ಕೊಂಡ್ರಲ್ಲ, ಇನ್ನು ಕೆದಕೋದು ಬೇಡ ಬಿಡಿ."

ಬುಧವಾರ ಅವನು ಚಿಕ್ಕನಿಂಗಮ್ಮನ ಮನೆಗೆ ಹೋದ. ಹೇಳಿಬಿಡಬೇಕೆಂದೇ ಹೋದ. ಅವಳು ಜಗಲಿಯ ಮೇಲೆ ಕೂತಿದ್ದಳು. ಇವನನ್ನು ನೋಡಿ ಎದ್ದು, ಬೇಡವೆಂದರೂ ಕೇಳದೆ ಟೀ ಕಾಯಿಸಿ ತಂದಳು. ಮುಖ ಬತ್ತಿತ್ತು. ಖಲೀಲ್ ಲೋಟ ಹಿಡಿದು ಮಾತು ಹುಡುಕುತ್ತಿರುವಾಗ ಅವಳೇ ಶುರು ಮಾಡಿದಳು.

"ಒಂದ್ ಮಾತು ಯೋಳ್ತೀನಿ, ಯಾರ್ಗೂ ಯೋಳ್ಬ್ಯಾಡ ಕಣಪ್ಪ. ನಾನೇ ಮಾಡ್ಬುಟ್ನೇನೋ ಅಂತ ನಂಗೇ ಅನ್ಮಾನ ಬಂದ್ಬುಟ್ಟದೆ."

"ಏನಕ್ಕ ಅಂಗಂದ್ರೆ?"

"ಸುಕ್ರವಾರ ಅಲ್ವ ಅವತ್ತು. ಒಂದ್ ವರ್ಸ ನಿಂಗೋಸ್ಕರ ಸುಕ್ರವಾರ ಸುಕ್ರವಾರ ಆ ಸ್ವಿಚ್ಚು ತಿರುವಿವ್ನಿ. ಕೈಗೆ ಅಬ್ಯಾಸ ಆಗೋಗದೆ. ಮನ್ಸು ಎಲ್ಲೋ ಇದ್ದಾಗ ಕೈ ತಾನೇ ಓಗಿ ತಿರುವ್ಬುಡ್ತೇನೋ. ನಾಕ್ ದಿನದಿಂದ ಕುಂತು ನೆಪ್ಪು ಮಾಡ್ಕತಾ ಇವ್ನಿ. ತಿರುವಿದ್ದೂ ನೆಪ್ಪಿಲ್ಲ, ತಿರುವ್ದೇ ಇದ್ದುದ್ದೂ ನೆಪ್ಪಿಲ್ಲ." ಅವಳು ತನ್ನ ಬಲಗೈಯನ್ನು ಮಡಿಲಲ್ಲಿ ಮಗುಚಿ ನೋಡಿಕೊಂಡಳು. "ಉಳುಗೊಳ್ನ ನೋಡುದ್ಯಾ ನೀನು? ಎಂಗೆ ಬೇಯ್ಸ್‌ಬುಟ್ಟಿವ್ನಿ."

ಹೇಳಲು ಇದಕ್ಕಿಂತ ಒಳ್ಳೆಯ ಗಳಿಗೆ ಇರಲಿಲ್ಲ. ಖಲೀಲ್ ಟೀ ಕುಡಿದು ಮುಗಿಸಿದ. "ಅಂಗೇನಿಲ್ಲ ಬುಡಕ್ಕ, ತಲೆ ಕೆಡುಸ್ಕಬ್ಯಾಡ" ಎಂದ. ಎದ್ದು ಬಂದ. ಆ ಬಸ್ಸಿನಲ್ಲಿ ಅವನಿಗಾದ ನಾಚಿಕೆ ಎಷ್ಟೆಂದು ಅಳೆಯುವುದು ಬೇಡ, ಆಗಬೇಕಾದಷ್ಟು ಆಯಿತು.

ಮನೆಯಲ್ಲಿ ರಹಮತ್ ಬಿ ಮಗನ ಮುಖ ನೋಡಿಯೇ ಏನಾಯಿತೆಂದು ಕೇಳಿದಳು. ಹರೆಯದಲ್ಲಿ ರೇಷ್ಮೆಗೂಡಿನ ನೂಲು ಬಿಚ್ಚುವ ಬಿಸಿನೀರಿನಲ್ಲಿ ಕೈ ಅದ್ದಿ ಅದ್ದಿ ಬೆರಳ ತುದಿಗಳು ಬೆಳ್ಳಗಾಗಿದ್ದ ಮುದುಕಿ. ಖಲೀಲ್ ತಾಯಿಗೆ ಎಲ್ಲವನ್ನೂ ಉರ್ದುವಿನಲ್ಲಿ ಹೇಳಿದ. ಅವಳಿಗೆ ಕ್ರಾನೂ ತಿಳಿಯಲಿಲ್ಲ, ಮೈನಸ್ ಒಂಬತ್ತೂ ತಿಳಿಯಲಿಲ್ಲ. ತಿಳಿದದ್ದು ಒಂದೇ.

"ನೀನು ಒಂದು ವರ್ಷ ನಮಾಜು ಓದಿದ್ದು ಆ ಹೆಂಗಸಿನ ದಯದಿಂದ" ಎಂದಳು. "ನಾಳೆ ಅವಳನ್ನು ಹೊರಗೆ ಹಾಕಿಸಿ ನಾಡಿದ್ದು ಯಾವ ಮುಖ ಹೊತ್ತು ಸಾಲಿನಲ್ಲಿ ನಿಲ್ಲುತ್ತೀಯ?"

ಗುರುವಾರ ಕೇಂದ್ರದ ಪಡಸಾಲೆಯಲ್ಲಿ ಇಪ್ಪತ್ತು ಇಪ್ಪತ್ತೈದು ಜನ ಬೆಳೆಗಾರರು ಕೂತಿದ್ದರು. ಗುರುಪಾದಸ್ವಾಮಿ ದಾಖಲೆಯ ಪ್ರಿಂಟು, ರಿಜಿಸ್ಟರು ಎರಡನ್ನೂ ಓದಿದರು. ಚಿಕ್ಕನಿಂಗಮ್ಮನನ್ನು ಏನು ಹೇಳುತ್ತೀಯ ಎಂದು ಕೇಳಿದರು. ಅವಳು ಕಂಬ ಹಿಡಿದು ಎದ್ದಳು. ಖಲೀಲನ ಕಡೆ ಒಮ್ಮೆ ನೋಡಿದಳು. ಶುಕ್ರವಾರ ಶುಕ್ರವಾರ ಅವನಿಗಾಗಿ ಸ್ವಿಚ್ಚು ತಿರುವುತ್ತಿದ್ದ ಸುದ್ದಿ ಎತ್ತಲಿಲ್ಲ.

"ಕೈ ತಪ್ಪಿ ನಾನೇ ತಿರುವಿರ್ಬೇಕು ಸ್ವಾಮಿ. ವಯಸ್ಸಾಯ್ತು. ತಪ್ಪಾಗದೆ."

ಅವಳು ಕೂರುವ ಮೊದಲೇ ಖಲೀಲ್ ಎದ್ದಿದ್ದ. ಹೇಗೆ ಎದ್ದ ಎಂದು ಅವನಿಗೇ ಗೊತ್ತಿಲ್ಲ. "ಅವ್ಳು ಮುಟ್ಟಿಲ್ಲ ಸ್ವಾಮಿ. ಬನ್ನಿ, ತೋರುಸ್ತೀನಿ" ಎಂದ.

ಎಲ್ಲರನ್ನೂ ಕಂಪ್ಯೂಟರಿನ ಕೋಣೆಯ ಬಾಗಿಲಿಗೆ ಕರೆದ. ಹಳೆಯ ಶುಕ್ರವಾರದ ಸಾಲನ್ನು ಮತ್ತೆ ಬರೆದು ಓಡಿಸಿದ. ಮೈನಸ್ ಒಂಬತ್ತು ಬಿತ್ತು. ಪರದೆಯ ಮೇಲೆ ತೇವ ಇಲ್ಲ, 'ನಿಲ್ಲಿಸಲಾಗಿದೆ' ಎಂಬ ಸಾಲು ಇದೆ. "ಈಗ ಒಳಗೋಗಿ ನೋಡಿ" ಎಂದ. ಗುರುಪಾದಸ್ವಾಮಿ ಹೋಗಿ ನೋಡಿದರು. ಆವಿ ಎದ್ದು ಸೂರಿಗೆ ತಾಗುತ್ತಿತ್ತು. ಕೈ ಸ್ವಿಚ್ಚಿನ ಡಬ್ಬಿ ಬೀಗ ಹಾಕಿದ್ದು ಹಾಕಿದ ಹಾಗೇ, ಕೀಲಿ ಅವರದೇ ಜೇಬಿನಲ್ಲಿ.

ಖಲೀಲ್ ಉಳಿದದ್ದನ್ನೂ ಹೇಳಿದ. ಆ ಸಾಲು ಬರೆದವನು ತಾನು, ಯಾಕೆ ಬರೆದದ್ದು, ಅವತ್ತು ಎಲ್ಲಿಗೆ ಹೋಗಿದ್ದೆ, ಸಹಿ ಯಾವಾಗ ಮಾಡಿದ್ದು. ಅದಕ್ಕೂ ಮುಂಚಿನ ವರ್ಷದ ಶುಕ್ರವಾರಗಳನ್ನೂ ಹೇಳಿದ. ತನಗೆ ಗೊತ್ತಾದದ್ದು ಮಂಗಳವಾರ ಎಂಬುದನ್ನೂ ಮುಚ್ಚಿಡಲಿಲ್ಲ. ಹಿಂದಿನಿಂದ ಯಾರೋ, "ಇವ್ನ ನಮಾಜಿಗೆ ನಮ್ಮುಳ ಓಗ್ಬೇಕಿತ್ತಾ" ಎಂದರು. ಅವನು ಹೆದರಿದ್ದ ಮಾತು ಸರಿಯಾಗಿ ಅದೇ ಆಕಾರದಲ್ಲಿ ಬಂತು. ಬಂದ ಮೇಲೆ, ಬರುತ್ತದೆಂದು ಕಾಯುವಾಗಿನಷ್ಟು ನೋಯಲಿಲ್ಲ. ಗುರುಪಾದಸ್ವಾಮಿ ರಿಜಿಸ್ಟರಿನ ಶುಕ್ರವಾರಗಳನ್ನು ಒಂದೊಂದಾಗಿ ತಿರುವಿ ನೋಡಿದರು. ಕೊನೆಗೆ, "ಬೈದು ಓಡ್ಸಣ ಅಂದ್ರೆ ಈ ಮಿಷನ್ನು ಇನ್ಯಾರ್ಗೂ ಬರಲ್ಲ. ಇರು. ಮುಂದಿನ ಮೊಟ್ಟೆ ಹದಿನೈದು ದಿನಕ್ಕೆ ಬತ್ತದೆ. ಇನ್ಮೇಲೆ ಹುಳ ಇರೋ ದಿನ ನೀನು ಈ ಗೇಟು ದಾಟಂಗಿಲ್ಲ, ಯಾವ ವಾರ ಆದ್ರೂ ಸರಿ" ಎಂದರು. ಚಿಕ್ಕನಿಂಗಮ್ಮನನ್ನು ಕರೆದು ಕೀಲಿಯನ್ನು ಅವಳ ಕೈಗಿಟ್ಟರು, ತಪ್ಪು ತಿಳಿದೆ ಎಂದರು.

ಜನ ಚದುರಿದ ಮೇಲೆ ಚಿಕ್ಕನಿಂಗಮ್ಮ ಖಲೀಲನ ಹತ್ತಿರ ಬಂದಳು. ಅತ್ತಾಳೆಂದುಕೊಂಡ, ಹರಸುತ್ತಾಳೆಂದುಕೊಂಡ. ಅವಳ ಕಣ್ಣು ಒಣಗಿತ್ತು.

"ಮಂಗಳ್ವಾರನೇ ಗೊತ್ತಾಗಿತ್ತು ಅಂದ್ಯಲ್ಲ."

"ಊಂ."

"ಅಂಗಾರೆ ನೆನ್ನೆ ನಮ್ಮನೆ ಜಗಲಿ ಮೇಲೆ ಕುಂತು ಟೀ ಕುಡಿವಾಗ್ಲೂ ಗೊತ್ತಿತ್ತಾ?"

ಖಲೀಲ್ ನೆಲ ನೋಡಿದ. "ಗೊತ್ತಿತ್ತು ಕಣಕ್ಕ."

"ನನ್ ಕೈನ ನಾನೇ ನಂಬ್ದಂಗೆ ಆಗಿವ್ನಿ ಅಂತ ನಿನ್ ಮುಂದೆ ಯೋಳ್ದೆ. ಕೇಳುಸ್ಕಂಡು ಎದ್ದೋದೆ."

ಚಿಕ್ಕನಿಂಗಮ್ಮ ಕೀಲಿಯನ್ನು ಅವನ ಮೇಜಿನ ಮೇಲಿಟ್ಟು, ಸೆರಗು ಸಿಕ್ಕಿಸಿಕೊಂಡು, ತೋಟದ ಬದುವಿನ ಮೇಲೆ ನಡೆದು ಹೋದಳು. ಮುಂದಿನ ಮೊಟ್ಟೆಗೂ ಅವಳು ಬರಲಿಲ್ಲ, ಅದರ ಮುಂದಿನದಕ್ಕೂ ಬರಲಿಲ್ಲ. ಗುರುಪಾದಸ್ವಾಮಿ ಎರಡು ಸಲ ಹೇಳಿಕಳಿಸಿದರು, ಮೈಯಲ್ಲಿ ಹುಷಾರಿಲ್ಲ ಎಂದಳಂತೆ. ಖಲೀಲ್ ಒಂದು ಸಲವೂ ಕರೆಯಲು ಹೋಗಲಿಲ್ಲ. ಹೋದರೆ ಅವಳು ಕೂರಿಸಿ ಟೀ ಕೊಡುತ್ತಾಳೆಂಬುದು ಅವನಿಗೆ ಗೊತ್ತಿತ್ತು.